ಕಾಕಾನ ಮನೆ, ನನ್ನ ಎಕ್ಸೆಲ್, ಗೋಡೆ ಮೇಲಿನ ತಿಮ್ಮಪ್ಪ

ಇವತ್ತು ನಮ್ಮ ಕಾಕಾನ ಮನೆ ವಿಷಯ. ಇದರಲ್ಲಿ ತಪ್ಪು ಮಾಡಿದೋನು ನಾನೇ, ಮೊದಲೇ ಹೇಳಿಬಿಡ್ತೀನಿ.

ಕಾಗಿನೆಲೆಯಲ್ಲಿ ಕಾಕಾಂದು ಆರ್‌ಸಿಸಿ ಮನೆ. ಸಾಲ ತೀರಿಸಬೇಕು, ಮಗಳ ನರ್ಸಿಂಗ್ ಫೀಸ್ ಕಟ್ಟಬೇಕು, ಅದಕ್ಕೇ ಮಾರೋಕೆ ತೆಗೆದ್ರು. ರೇಟ್ ಎಷ್ಟು ಹೇಳಲಿ ಅಂತ ಬಿ.ಕಾಂ ಓದಿದ ನನ್ನನ್ನ ಕೇಳಿದ್ರು. ನಾನು ಎಕ್ಸೆಲ್ ತೆಗೆದೆ. ಜಾಗ, ಕಟ್ಟಡ, ಅದರ ಮೇಲೆ ಅಲಂಕಾರದ ಬಿಲ್ ಪೂರ್ತಿ: ಪಿಒಪಿ ಸೀಲಿಂಗ್, ಬಣ್ಣ ಬದಲಿಸೋ ಎಲ್‌ಇಡಿ, ನೇರಳೆ ಗೋಡೆ, ಕಿಟಕಿ ಮುಚ್ಚಿ ಮಾಡಿಸಿದ ಶೋಕೇಸ್, ದೇವರ ಟೈಲ್ಸ್. 2 ಲಕ್ಷ 80 ಸಾವಿರ. ಎಲ್ಲ ಕೂಡಿಸಿ 30 ಲಕ್ಷ ಅಂದೆ.

ಎಂಟು ತಿಂಗಳು ಮನೆ ಹೋಗಲಿಲ್ಲ. ಬಡ್ಡಿ ಮಾತ್ರ ನಿಲ್ಲಲಿಲ್ಲ.

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಲೆಕ್ಕ ಬರೆಯೋರೊಬ್ಬರು ಗೌಂಡಿಯನ್ನೇ ಕರ್ಕೊಂಡು ಬಂದ್ರು. ಗೌಂಡಿ ಸೀಲಿಂಗ್ ನೋಡಿ, "ಮ್ಯಾಲೆ ಸ್ಲ್ಯಾಬ್ ಸೋರತೈತೋ ಏನೋ, ಕಾಣಂಗಿಲ್ಲಲ್ರೀ" ಅಂದ. ನಾವು ಚೆಂದಕ್ಕೆ ಅಂತ ಹಾಕಿಸಿದ್ದು ಅವನ ಕಣ್ಣಿಗೆ ಮುಚ್ಚಿಟ್ಟ ಹಾಗೆ ಕಂಡಿತ್ತು. ಕಿಟಕಿ ಮುಚ್ಚಿದ್ದಕ್ಕೆ ಮಟಮಟ ಮಧ್ಯಾಹ್ನ ಲೈಟ್ ಹಾಕಿ ಮನೆ ತೋರಿಸಿದ್ವಿ. ಕರೆಂಟ್ ಹೋಯ್ತು. ನಗಬೇಡ್ರಿ, ನಿಜವಾಗ್ಲೂ ಹೋಯ್ತು.

ದೊಡ್ಡ ತೊಡಕು ಹಾಲ್‌ನ ಗೋಡೆ. ಆರು ಅಡಿ ಎತ್ತರದ ತಿರುಪತಿ ತಿಮ್ಮಪ್ಪ, ಟೈಲ್ಸ್‌ನಲ್ಲಿ. ಅವರ ಮನೆಯವರು ಕೈ ಮುಗಿದು ಹೇಳಿದ್ರು: "ನಮ್ಮ ಮನಿದೇವ್ರು ದೇವರಗುಡ್ಡದ ಮಾಲತೇಶ. ತಿಮ್ಮಪ್ಪ ಬ್ಯಾಡ ಅಂತಲ್ರಿ. ಆದ್ರ ಅವನ ಮುಂದ ಕಾಲು ಚಾಚಿ ಟಿವಿ ನೋಡೋದು ಹೆಂಗ? ಒಡೀಬೇಕಂದ್ರ ಯಾರಿಗೆ ಕೈ ಬರತೈತಿ?"

ಈ ಪ್ರಶ್ನೆಗೆ ನನ್ನ ಶೀಟ್‌ನಲ್ಲಿ ಕಾಲಂ ಇರಲಿಲ್ಲ. ಫ್ರೇಮ್ ಹಾಕಿದ ಫೋಟೋ ಆಗಿದ್ರೆ ಕಾಕಾ ತಮ್ಮ ಜೊತೆಗೇ ತಗೊಂಡು ಹೋಗ್ತಿದ್ರು.

ಕೊಳ್ಳೋರ ಕಡೆಯಿಂದ ಲೆಕ್ಕ ಹಾಕಿ ನೋಡಿ. ಸ್ಟಾಂಪ್ ಡ್ಯೂಟಿ 5%, ಮೇಲೆ ಸೆಸ್ಸು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಯ್ತು. 30 ಲಕ್ಷಕ್ಕೆ 30 ಸಾವಿರದ ಜಾಗದಲ್ಲಿ 60 ಸಾವಿರ. ಇಷ್ಟೆಲ್ಲ ಕಟ್ಟಿದ ಮೇಲೆ ನಮ್ಮ ಸೀಲಿಂಗ್ ಇಳಿಸೋಕೆ, ಕಿಟಕಿ ತೆಗೆಸೋಕೆ ಅದೇ ಜೇಬಿಂದ ಕೂಲಿ ಕೊಡಬೇಕು. ನಾನು ಪ್ಲಸ್ ಹಾಕಿದ್ದನ್ನ ಅವರು ಮೈನಸ್ ಹಾಕ್ತಿದ್ರು.

ಕೊನೆಗೆ ಸೀಲಿಂಗ್ ಇಳಿಸಿದ್ವಿ. ಸ್ಲ್ಯಾಬ್ ಗಟ್ಟಿಯಾಗೇ ಇತ್ತು. ಕಿಟಕಿ ತೆರೆದು, ನೇರಳೆ ಗೋಡೆಗೆ ಬಿಳಿ ಬಣ್ಣ ಬಳಿಸಿದ್ವಿ. ತಿಮ್ಮಪ್ಪನ್ನ ಮುಟ್ಟೋಕೆ ಕಾಕಾ ಬಿಡಲಿಲ್ಲ. ಅದೇ ಲೆಕ್ಕದವರನ್ನ ಮತ್ತೆ ಕರೆದ್ವಿ. ಈ ಸಲ ಅವರ ಮನೆಯವರೇ ದಾರಿ ಹುಡುಕಿದ್ರು: "ಮುಂದ ಬಾಗಲಾ ಹಚ್ಚಿಕೊಡ್ರಿ, ದೇವರ ಜಾಗಾ ಮಾಡ್ಕೋತೀವಿ. ಟಿವಿ ಆ ಕಡಿ ಗ್ವಾಡಿಗಿ." 27 ಲಕ್ಷ 20 ಸಾವಿರಕ್ಕೆ ಮಾತಾಯ್ತು. ನಾನು ಸೇರಿಸಿದ್ದ 2 ಲಕ್ಷ 80 ಸಾವಿರ ಹಾಗೇ ಉದುರಿತ್ತು.

ಮುಂದಿನ ವಾರ ರಿಜಿಸ್ಟ್ರೇಷನ್. ಕಾಕಾ ಬಾಡಿಗೆ ಮನೆ ಹುಡುಕ್ತಿದ್ದಾರೆ. ಮೊನ್ನೆ ಒಂದು ನೋಡಿ ಬಂದು ಫೋನ್ ಮಾಡಿದ್ರು: "ತಮ್ಮಾ, ಮನಿ ಛಲೋ ಐತಿ. ಆದ್ರ ಆ ಗಿಳಿಹಸಿರು ಗ್ವಾಡಿ ನೋಡಾಕ ಆಗವಲ್ದು ನೋಡು."