ರಕ್ತದೊತ್ತಡವೂ ನಮ್ಮ ಊಟದೆಲೆಯೂ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಆರೋಗ್ಯ ಸಮಿತಿಯ ಪರವಾಗಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಕವಿ-ಕಾವ್ಯಗಳ ಮಾತನ್ನು ಬಿಟ್ಟು ರೋಗರುಜಿನಗಳ ಮಾತನ್ನು ತೆಗೆಯುವುದು ಅಷ್ಟಾಗಿ ಶೋಭಿಸದೆಂದು ಕೆಲವರಿಗೆ ತೋರಬಹುದು. ಆದರೂ ಈ ವರ್ಷ ಸುಮ್ಮನಿರಲು ನಮಗೆ ಮನಸ್ಸಾಗಲಿಲ್ಲ. ಕಳೆದ ರಾಜ್ಯೋತ್ಸವದಲ್ಲಿ ಅಡಿಗೆಮನೆಯ ಮೇಲ್ವಿಚಾರಣೆ ಹೊತ್ತು, ನಮಗೆಲ್ಲ ಉಪಚಾರ ಹೇಳಿ ಬಡಿಸಿದ ಮಿತ್ರರೊಬ್ಬರು ಇಂದು ಸಭೆಯಲ್ಲಿಲ್ಲ. ಅವರ ಬಲಗೈ ಸ್ವಾಧೀನ ತಪ್ಪಿದೆ, ಮಾತು ತೊದಲುತ್ತದೆ. ರಕ್ತದೊತ್ತಡವಿದೆಯೆಂದು ವೈದ್ಯರು ಎಂದೋ ಹೇಳಿ ಮಾತ್ರೆ ಕೊಟ್ಟಿದ್ದರು. ಮೂರು ತಿಂಗಳು ನುಂಗಿದರು. ಮೈಯಲ್ಲಿ ಏನೂ ತೊಂದರೆ ಕಾಣಲಿಲ್ಲವಾಗಿ ಬಿಟ್ಟುಬಿಟ್ಟರು. ಒಂದು ರಾತ್ರಿ ಕೈ ಜೋಮು ಹಿಡಿದಂತಾಯಿತು. ಮನೆಯವರು ವಾಯುವೆಂದು ತಿಳಿದು, ಎಣ್ಣೆ ತಿಕ್ಕುತ್ತ ಬೆಳಗಾಗುವವರೆಗೆ ಕಾದರು. ಇದನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಹೇಳಲೇಬೇಕೆಂದು ಅವರದೇ ಒತ್ತಾಯ.

1896ರಲ್ಲಿ ಈ ಮುಂಬಯಿ ನಗರಕ್ಕೆ ಪ್ಲೇಗು ಬಂದಾಗ ಜನ ಮನೆಗಳಿಗೆ ಬೀಗವಿಕ್ಕಿ ಊರು ಬಿಟ್ಟು ಹೋದರು. ಆ ಬೇನೆ ಕಣ್ಣಿಗೆ ಕಾಣುತ್ತಿತ್ತು, ಗಡ್ಡೆ ಕಟ್ಟುತ್ತಿತ್ತು. ಈಗಿನ ಬೇನೆಗಳು ಅಂಥವಲ್ಲ. ಹೃದ್ರೋಗ, ಪಾರ್ಶ್ವವಾಯು, ಸಕ್ಕರೆ ಬೇನೆ, ಅರ್ಬುದ, ಬಹುಕಾಲದ ಶ್ವಾಸಕೋಶದ ಬೇನೆ, ಇವು ಒಬ್ಬರಿಂದ ಒಬ್ಬರಿಗೆ ಅಂಟತಕ್ಕವಲ್ಲ. ಅಂಟುವುದಿಲ್ಲವೆಂದೇ ನಮಗೆ ಅವುಗಳ ಹೆದರಿಕೆಯೂ ಇಲ್ಲ. ನಮ್ಮ ದೇಶದ ಸಾವುಗಳಲ್ಲಿ ಇಂಥ ಬೇನೆಗಳ ಪಾಲು 1990ರಲ್ಲಿ ನೂರಕ್ಕೆ ಸುಮಾರು 38 ಇದ್ದುದು 2016ರ ಹೊತ್ತಿಗೆ 62ರಷ್ಟಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ಸಕ್ಕರೆ ಬೇನೆಯುಳ್ಳವರು 10 ಕೋಟಿ; ವಯಸ್ಕರಲ್ಲಿ ನೂರಕ್ಕೆ 35 ಮಂದಿಗೆ ರಕ್ತದೊತ್ತಡ.

ಇವಕ್ಕೆಲ್ಲ ಕಾರಣಗಳೆಂದು ವೈದ್ಯಶಾಸ್ತ್ರಜ್ಞರು ಬಹುಕಾಲದಿಂದ ನಾಲ್ಕನ್ನು ಹೇಳುತ್ತ ಬಂದಿದ್ದಾರೆ: ಹೊಗೆಸೊಪ್ಪು, ಮದ್ಯ, ಹಿತವಲ್ಲದ ಆಹಾರ, ಮೈ ಅಲುಗದ ಬದುಕು. 2018ರಲ್ಲಿ ಕೆಟ್ಟ ಗಾಳಿಯನ್ನೂ ಸೇರಿಸಿದರು. ಐದನ್ನೂ ವಿವರಿಸಹೊರಟರೆ ಊಟ ಆರಿಹೋದೀತು. ಆದುದರಿಂದ ಎಲೆಯ ತುದಿಗೆ ಮೊದಲು ಬೀಳುವ ಪದಾರ್ಥವನ್ನು, ಅಂದರೆ ಉಪ್ಪನ್ನು, ಮುಖ್ಯವಾಗಿ ಹಿಡಿದುಕೊಳ್ಳುತ್ತೇವೆ.

ನಮ್ಮಲ್ಲಿ ಬಹುಮಂದಿ ಕರಾವಳಿಯವರು. ಅಲ್ಲಿ ಹಿಂದೆ ಮಳೆಗಾಲವೆಂದರೆ ನಾಲ್ಕು ತಿಂಗಳು. ಹೊಳೆ ದಾಟುವಂತಿಲ್ಲ, ತರಕಾರಿಯಿಲ್ಲ, ಕಡಲಿಗೆ ದೋಣಿ ಇಳಿಯುವುದಿಲ್ಲ. ಅದಕ್ಕಾಗಿ ಹಿರಿಯರು ಮಾವಿನ ಮಿಡಿಯನ್ನೂ ಹಲಸಿನ ಸೊಳೆಯನ್ನೂ ಉಪ್ಪಿನಲ್ಲಿ ಹಾಕಿಟ್ಟರು. ಹಪ್ಪಳ, ಸಂಡಿಗೆ, ಬಾಳಕದ ಮೆಣಸು ಒಣಗಿಸಿದರು. ಮೀನು ತಿನ್ನುವವರು ಮೀನನ್ನು ಉಪ್ಪು ಸವರಿ ಒಣಗಿಸಿದರು. ಆ ಉಪ್ಪು ನಾಲಗೆಗಾಗಿ ಬಂದುದಲ್ಲ, ಮಳೆಗಾಗಿ ಬಂದುದು. ತಿಂದವರು ಗದ್ದೆಯ ಕೆಸರಿನಲ್ಲಿ ದಿನವಿಡೀ ದುಡಿದು ಬೆವರುತ್ತಲೂ ಇದ್ದರು. ಇಲ್ಲಿ ಮಾಟುಂಗದ ಪೇಟೆಯಲ್ಲಿ ಹನ್ನೆರಡು ತಿಂಗಳೂ ಹಸಿರು ತರಕಾರಿ ಸಿಕ್ಕುತ್ತದೆ. ಆದರೂ ಊರಿಂದ ಬರುವ ಪ್ರತಿಯೊಬ್ಬರ ಚೀಲದಲ್ಲಿಯೂ ಒಂದು ಭರಣಿ ಉಪ್ಪಿನಕಾಯಿ ಇರಲೇಬೇಕು. ಅದನ್ನು ತಿನ್ನುವಾಗ ಊರು ನೆನಪಾಗುತ್ತದೆ, ಸುಳ್ಳಲ್ಲ. ನಮಗೂ ಆಗುತ್ತದೆ. ಆದರೆ ಮಳೆಗಾಲದ ಆಪದ್ಧನವನ್ನು ನಾವು ನಿತ್ಯದ ಊಟ ಮಾಡಿಕೊಂಡಿದ್ದೇವೆ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹದ ಚಮಚೆಯಷ್ಟು. ಸಾರು, ಪಲ್ಯ, ಚಟ್ನಿ, ಬಿಸ್ಕತ್ತು, ಚಿವಡಾ ಎಲ್ಲವೂ ಈ ಲೆಕ್ಕದೊಳಗೆ. ನಮ್ಮ ದೇಶದವರು ತಿನ್ನುವುದು ಸರಾಸರಿ 8 ಗ್ರಾಂ ಎಂದು 2023ರಲ್ಲಿ ಪ್ರಕಟವಾದ ಇನ್ನೊಂದು ರಾಷ್ಟ್ರೀಯ ಸಮೀಕ್ಷೆಯ ಲೆಕ್ಕ. ಹೆಚ್ಚಾದ ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತನಾಳಗಳ ಗೋಡೆಗೆ ಒತ್ತಡ ಬೀಳುತ್ತದೆ. ಅದನ್ನು ಹೊರಹಾಕುವ ಕೆಲಸ ಮೂತ್ರಪಿಂಡಗಳದು. ವರ್ಷಗಳು ಕಳೆದಂತೆ ಅವೂ ಸೋಲುತ್ತವೆ. ನಾಳಗಳು ಪೆಡಸಾಗುತ್ತವೆ, ಹೃದಯದ ಸ್ನಾಯು ದಪ್ಪಗಾಗುತ್ತದೆ, ಕೊನೆಗೊಂದು ದಿನ ಮೆದುಳಿನ ನಾಳವೊಂದು ಕಟ್ಟಿಕೊಳ್ಳುತ್ತದೆ, ಇಲ್ಲವೆ ಒಡೆಯುತ್ತದೆ. ಇಷ್ಟೆಲ್ಲ ನಡೆಯುವಾಗ ಬಹುತೇಕ ಜನರಿಗೆ ನೋವೆಂಬುದೇ ಇರುವುದಿಲ್ಲ. ನಮ್ಮ ಮಿತ್ರರು ಮೋಸಹೋದದ್ದು ಇಲ್ಲಿಯೇ.

ಇನ್ನು ಹೋಟೆಲಿನವರ ಮಾತು. ಈ ನಗರಕ್ಕೆ ಇಡ್ಲಿ-ದೋಸೆ ತಿನ್ನಿಸಿದವರು ನಮ್ಮವರೆಂದು ಹೆಮ್ಮೆಪಡುತ್ತೇವೆ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ ನಾವು ಒತ್ತಡ ಅಳೆಯುವ ಯಂತ್ರ ಹಿಡಿದು ಕೆಲವು ಹೋಟೆಲುಗಳಿಗೆ ಹೋಗಿದ್ದೆವು. ಊರಿಗೆಲ್ಲ ಹೊತ್ತುಹೊತ್ತಿಗೆ ಉಣಿಸುವವರು ತಾವು ಉಣ್ಣುವುದು ನಾಲ್ಕು ಗಂಟೆಗೆ. ರಾತ್ರಿಯದು ಬಾಗಿಲು ಹಾಕಿದ ಮೇಲೆ, ಉಂಡ ಕೂಡಲೆ ನಿದ್ರೆ. ಗಲ್ಲಾದಲ್ಲಿ ಕುಳಿತ ಯಜಮಾನರೊಬ್ಬರು, "ಮೊದಲು ಹುಡುಗರದ್ದು ನೋಡಿ, ನಾನು ಗಟ್ಟಿಯಿದ್ದೇನೆ" ಎಂದರು. ಅವರದೇ ಎಲ್ಲರಿಗಿಂತ ಹೆಚ್ಚಿತ್ತು!

ಲಂಡನ್ನಿನ ಜೆರೆಮಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ನೆನಪಾಗುತ್ತದೆ. ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರರಲ್ಲಿ ಹೃದ್ರೋಗ ಕಡಿಮೆಯೆಂದು ಅವರು ಕಂಡರು. ಚಾಲಕರ ಸಮವಸ್ತ್ರದ ಸೊಂಟದಳತೆಯೂ ದೊಡ್ಡದಿತ್ತೆಂದು ಮುಂದೆ ಅವರೇ ತೋರಿಸಿದರು. ಆದುದರಿಂದ ಎಲ್ಲ ಪುಣ್ಯವನ್ನೂ ಮೆಟ್ಟಿಲಿಗೇ ಕಟ್ಟುವಂತಿಲ್ಲ. ಆದರೂ ಗಲ್ಲಾದವರೂ, ಕಚೇರಿಯ ಕುರ್ಚಿಯವರೂ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆದರೆ ನಷ್ಟವೇನೂ ಇಲ್ಲ.

ಅಡಿಕೆಯ ಮಾತನ್ನೂ ನುಂಗಿಕೊಳ್ಳುವಂತಿಲ್ಲ. ತೋಟದ ಅಡಿಕೆಯಿಂದಲೇ ನಮ್ಮಲ್ಲಿ ಅನೇಕರ ಓದು ನಡೆಯಿತು. ಆದರೆ ಹೊಗೆಸೊಪ್ಪಿಲ್ಲದಿದ್ದರೂ ಅಡಿಕೆ ಅಗಿಯುವುದರಿಂದ ಬಾಯಿಯ ಅರ್ಬುದ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧಕರು 2004ರ ಗ್ರಂಥದಲ್ಲಿ ಬರೆದಿದ್ದಾರೆ. ತೋಟವಿರುವವರು ನಮ್ಮ ಮೇಲೆ ಮುನಿಯಬಾರದು.

ಮಾಡತಕ್ಕದ್ದೇನು? ಮೊದಲು ಅಳೆಯಿಸಿಕೊಳ್ಳಬೇಕು. ವೈದ್ಯರಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140ರ ಮೇಲೆ, ಇಲ್ಲವೆ ಕೆಳಗಿನ ಅಂಕಿ 90ರ ಮೇಲೆ ನಿಂತರೆ ಅದು ರಕ್ತದೊತ್ತಡವೇ. ಕೊಟ್ಟ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬಿಡಬಾರದು. ಸಂಖ್ಯೆ ಇಳಿದಿರುವುದು ಮಾತ್ರೆಯಿಂದಲೇ ಆಗಿರಬಹುದು. ಬಾಯಿ ಓರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ಹುಡುಕುತ್ತ ಕೂರದೆ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಮೆದುಳಿನ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ಕೊಡುವುದು ನಾಲ್ಕೂವರೆ ಗಂಟೆಯೊಳಗೆ. ಅಡಿಗೆಯಲ್ಲಿ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಲಿಂಬೆ, ಕಾಳುಮೆಣಸು, ಕೊತ್ತಂಬರಿ ಹೆಚ್ಚಿಸಿದರೆ ಕೆಲವು ವಾರಗಳಲ್ಲಿ ನಾಲಗೆ ಒಗ್ಗುತ್ತದೆ.

ಸೋದರಿಯರಿಗೆ ಒಂದು ಬೇರೆ ಮಾತು. ನಮ್ಮ ಶಿಬಿರಗಳಲ್ಲಿ ಗಂಡನ ಕೈಯನ್ನು ಯಂತ್ರಕ್ಕೆ ಕೊಡಿಸಿ, ಚೀಟಿಯನ್ನು ಜೋಪಾನವಾಗಿ ಮಡಿಸಿಟ್ಟುಕೊಂಡು ಹೊರಟುಬಿಡುತ್ತೀರಿ. ನಿಮ್ಮ ಚೀಟಿ ಎಲ್ಲಿ?

ಇಂದಿನ ಊಟದಲ್ಲಿ ಎಲೆಯ ತುದಿಗೆ ಉಪ್ಪು ಬಡಿಸುವುದಿಲ್ಲ. ಹಪ್ಪಳ ಒಂದೇ. ಉಪ್ಪಿನಕಾಯಿ ಕೇಳಿದವರಿಗೆ ಮಾತ್ರ. ಅಡಿಗೆಯವರನ್ನು ಬೈಯಬೇಡಿ, ತೀರ್ಮಾನ ನಮ್ಮದು. ಬಾಗಿಲ ಬಳಿ ಎರಡು ಮೇಜುಗಳ ಮೇಲೆ ಯಂತ್ರಗಳನ್ನಿಟ್ಟಿದ್ದೇವೆ. ಎಲೆ ಹಾಕುವುದಕ್ಕೆ ಇನ್ನೂ ಮುಕ್ಕಾಲು ಗಂಟೆಯಿದೆ. ಅಲ್ಲಿ ಐದು ನಿಮಿಷ ಮಾತಿಲ್ಲದೆ ಕುಳಿತು ತೋಳು ಕೊಡಿ. ಈಗತಾನೆ ಕಾಫಿ ಕುಡಿದವರು ಮಾತ್ರ ಅರ್ಧ ಗಂಟೆ ಬಿಟ್ಟು ಬನ್ನಿ.