ಸೂಜಿ ಸಣ್ಣದು, ಗಾಯ ಸಣ್ಣದಲ್ಲ
(ಹೊಲಿಗೆ, ಕಸೂತಿ, ಕೌದಿ ಕೆಲಸ ಮಾಡುವವರಿಗಾಗಿ ಆಸ್ಪತ್ರೆಯಲ್ಲಿ ನೀಡಿದ ಆರೋಗ್ಯ ಉಪನ್ಯಾಸದ ಪಾಠ)



ನಮ್ಮ ಭಾಗದಲ್ಲಿ ಸೂಜಿ ಹಿಡಿಯದ ಮನೆ ಇಲ್ಲ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುವವರಿದ್ದೀರಿ. ಕಲಬುರಗಿಯ ಓಣಿಗಳಲ್ಲಿ ಮನೆಯ ಪಡಸಾಲೆಯಲ್ಲೇ ಮಷೀನು ಇಟ್ಟುಕೊಂಡು ಕುಬಸ, ಲಂಗ ಹೊಲಿದು, ಸೀರೆಗೆ ಫಾಲ್, ಕುಚ್ಚು ಹಚ್ಚಿ ಮಕ್ಕಳ ಫೀಸು ಕಟ್ಟುವ ತಾಯಂದಿರಿದ್ದೀರಿ. ಕಮಲಾಪುರದ ಸುತ್ತಲಿನ ತಾಂಡಾಗಳಲ್ಲಿ ಕನ್ನಡಿ, ಕವಡೆ ಕೂಡಿಸಿ ಕಸೂತಿ ಹಾಕುವ ಅಕ್ಕಂದಿರಿದ್ದೀರಿ. ತೊಗರಿ ರಾಶಿಯಾದ ಮೇಲೆ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುವ ಅಣ್ಣಂದಿರಿದ್ದೀರಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವರು ಇದ್ದರು. ಕಾಯಕದ ಹೆಸರೇ ಅವರ ಹೆಸರಿಗೆ ಸೇರಿಕೊಂಡಿದೆ. ಕಾಯಕ ನಡೆಯಬೇಕಾದರೆ ಕೈ ನೆಟ್ಟಗಿರಬೇಕು. ಆ ಕೈಯನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದೇ ಇಂದಿನ ವಿಷಯ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿರಿ. ಸೂಜಿ ಚುಚ್ಚಿದ್ದರಿಂದ ಬೆರಳು ಕಳೆದುಕೊಳ್ಳುವವರು ಕಡಿಮೆ. ಚುಚ್ಚಿದ ಮೇಲೆ ತಡ ಮಾಡಿದ್ದರಿಂದ ಬೆರಳು ಕಳೆದುಕೊಳ್ಳುವವರೇ ಹೆಚ್ಚು.

ಸಣ್ಣ ತೂತು ಏಕೆ ಮೋಸ ಮಾಡುತ್ತದೆ?

ಕುಡುಗೋಲು ತಾಗಿದರೆ ಗಾಯ ಬಾಯಿ ತೆರೆಯುತ್ತದೆ, ರಕ್ತ ಹರಿಯುತ್ತದೆ, ಮನೆಮಂದಿಯೆಲ್ಲ ಗಾಬರಿಯಾಗಿ ಆಸ್ಪತ್ರೆಗೆ ಕರೆತರುತ್ತಾರೆ. ಸೂಜಿಯ ಗಾಯ ಹಾಗಲ್ಲ. ಒಂದು ಹನಿ ರಕ್ತ ಬಂದು ತೂತು ಮುಚ್ಚಿಕೊಳ್ಳುತ್ತದೆ. ಆದರೆ ಸೂಜಿಯ ತುದಿಯ ಜೊತೆ ಒಳಗೆ ಹೋದ ಕೊಳೆ, ನೂಲಿನ ಎಳೆ, ರೋಗಾಣು ಅಲ್ಲಿಯೇ ಉಳಿಯುತ್ತವೆ. ಹೊರಗೆ ಬರಲು ಅವುಗಳಿಗೆ ದಾರಿಯೇ ಇರುವುದಿಲ್ಲ.

ಬೆರಳಿನಲ್ಲಿ ಚರ್ಮದಿಂದ ಎಲುಬಿಗೆ ಇರುವ ಅಂತರ ಕೆಲವೇ ಮಿಲಿಮೀಟರು. ಬೆರಳ ತುದಿಯ ಮೆತ್ತನೆಯ ಭಾಗದೊಳಗೆ ಸಣ್ಣ ಸಣ್ಣ ಕೋಣೆಗಳಿವೆ. ಅಲ್ಲಿ ಕೀವು ತುಂಬಿದರೆ ಹಿಗ್ಗಲು ಜಾಗವಿಲ್ಲದೆ ಒತ್ತಡ ಏರುತ್ತದೆ, ರಕ್ತ ಸಂಚಾರ ಕಡಿಮೆಯಾಗುತ್ತದೆ, ಬಹಳ ತಡವಾದರೆ ಎಲುಬಿಗೂ ಸೋಂಕು ತಗಲುತ್ತದೆ. ಬೆರಳನ್ನು ಮಡಚುವ ನರದಂಥ ಹುರಿಗಳು, ಅಂದರೆ ಸ್ನಾಯುರಜ್ಜುಗಳು, ಒಂದು ಕೊಳವೆಯೊಳಗೆ ಜಾರುತ್ತಿರುತ್ತವೆ. ಸೋಂಕು ಆ ಕೊಳವೆ ಹೊಕ್ಕಿತೆಂದರೆ ಬೆರಳಿನಿಂದ ಅಂಗೈಗೆ ಓಡುತ್ತದೆ. ಹೆಬ್ಬೆರಳು, ಕಿರುಬೆರಳುಗಳಲ್ಲಿ ಅದು ಮಣಿಕಟ್ಟಿನವರೆಗೂ ಹೋಗಬಹುದು. ಗುಣವಾದ ಮೇಲೂ ಹುರಿಗಳು ಅಂಟಿಕೊಂಡು ಬೆರಳು ಕಟ್ಟಿಗೆಯಂತಾಗುವ ಭಯವಿದೆ. ಸೂಜಿಗೆ ದಾರ ಪೋಣಿಸುವ ಕೈಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ಗಾಯವಾಗದಂತೆ ನೋಡಿಕೊಳ್ಳುವುದು

ಕೈಹೊಲಿಗೆಯವರು ಅಂಗುಸ್ತಾನ, ಅಂದರೆ ಬೆರಳಿಗೆ ತೊಡುವ ಲೋಹದ ಟೊಪ್ಪಿಗೆ, ಹಾಕಿಕೊಳ್ಳಿರಿ. ಕೌದಿಯ ನಾಲ್ಕೈದು ಪದರು ದಾಟಿಸಲು ಸೂಜಿಯ ಹಿಂಬದಿಯನ್ನು ಬರಿ ಬೆರಳಿನಿಂದ ನೂಕಿದಾಗ ಅದು ಜಾರಿ ಒಳಗೆ ಹೋಗುತ್ತದೆ. ಅಂಗುಸ್ತಾನ ಸಿಗದಿದ್ದರೆ ಚರ್ಮದ ತುಂಡನ್ನಾದರೂ ಬೆರಳಿಗೆ ಸುತ್ತಿಕೊಳ್ಳಿರಿ. ಮೊಂಡಾದ, ಬಾಗಿದ ಸೂಜಿಗೆ ಹೆಚ್ಚು ಬಲ ಬೇಕು, ಹೆಚ್ಚು ಬಲ ಹಾಕಿದಾಗಲೇ ಅದು ಮುರಿಯುವುದು. ಅಂಥ ಸೂಜಿಯನ್ನು ಕೂಡಲೆ ಬದಲಿಸಿರಿ.

ಕನ್ನಡಿ ಕೂಡಿಸುವವರು ಚೂರುಗಳ ಅಂಚನ್ನು ಮೊದಲೇ ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಳ್ಳಿರಿ. ಉಜ್ಜುವಾಗ ನೀರು ಹಾಕಿ ಉಜ್ಜಿದರೆ ಪುಡಿ ಹಾರುವುದಿಲ್ಲ. ಚೂರುಗಳನ್ನು ಮಡಿಲಲ್ಲಿ ಇಟ್ಟುಕೊಳ್ಳದೆ ಬಟ್ಟಲಿನಲ್ಲಿ ಇಡಿರಿ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಸಮಯದಲ್ಲಿ ಲಂಬಾಣಿ ಕಸೂತಿಯ ಪ್ರದರ್ಶನವು ಗಿನ್ನೆಸ್ ದಾಖಲೆಯನ್ನೂ ಸೇರಿತು. ಆ ಕಲೆಗೆ ಬೆಲೆ ಬಂದಿದೆ. ಅದನ್ನು ಮಾಡುವ ಬೆರಳಿಗೂ ಅಷ್ಟೇ ಬೆಲೆ ಇದೆ ಎಂದು ತಿಳಿಯಿರಿ.

ಮಷೀನಿನವರಿಗೆ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಮೋಟಾರು ಕೂಡಿಸಿದ ಮನೆಯ ಮಷೀನು ಒಂದು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಸೂಜಿ ಇಳಿಸಬಲ್ಲದು. ನೀವು ಬೆರಳು ಹಿಂದೆ ಸರಿಸುವುದರೊಳಗೆ ಅದು ಎರಡು ಸಲ ಚುಚ್ಚಿರುತ್ತದೆ. ಆದ್ದರಿಂದ ಈ ನಿಯಮಗಳನ್ನು ಪಾಲಿಸಿರಿ.

1. ಸೂಜಿಗೆ ದಾರ ಪೋಣಿಸುವಾಗ, ಬಾಬಿನ್ ಬದಲಿಸುವಾಗ, ಸೂಜಿ ಬಿಚ್ಚುವಾಗ ಪೆಡಲಿನ ಮೇಲಿಂದ ಕಾಲು ತೆಗೆಯಿರಿ, ಮೋಟಾರಿನ ಸ್ವಿಚ್ ಆರಿಸಿರಿ.
2. ಕರೆಂಟು ಹೋದ ಕೂಡಲೆ ಸ್ವಿಚ್ ಆರಿಸಿರಿ. ಬೆರಳು ಸೂಜಿಯ ಕೆಳಗಿದ್ದು, ಕಾಲು ಪೆಡಲಿನ ಮೇಲಿದ್ದಾಗ ಕರೆಂಟು ಮರಳಿ ಬಂದರೆ ಮಷೀನು ತಾನಾಗಿ ಓಡುತ್ತದೆ.
3. ಬಟ್ಟೆಯನ್ನು ಸೂಜಿಯ ಎರಡೂ ಮಗ್ಗುಲಿನಿಂದ ಹಿಡಿದು ನಡೆಸಿರಿ. ಬೆರಳು ಸೂಜಿಯ ಎದುರಿಗೆ ಬರಬಾರದು. ಸೂಜಿಯ ಮುಂದೆ ಕೂಡಿಸುವ ಸಣ್ಣ ತಂತಿಯ ಕಾವಲು ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನು ಹಾಕಿಸಿಕೊಳ್ಳಿರಿ.
4. ಸೆರಗು ಸಿಕ್ಕಿಸಿ, ಜಡೆ ಹಿಂದೆ ಕಟ್ಟಿ ಕುಳಿತುಕೊಳ್ಳಿರಿ. ಗಾಲಿ, ಬೆಲ್ಟುಗಳಿಗೆ ಮುಚ್ಚಳ ಇರಲಿ.
5. ನಲವತ್ತು ದಾಟಿದವರು ಕಣ್ಣು ತೋರಿಸಿ ಚಾಳೀಸು ಹಾಕಿಕೊಳ್ಳಿರಿ. ಮಂದ ಬೆಳಕಿನಲ್ಲಿ, ನಿದ್ದೆಗಣ್ಣಿನಲ್ಲಿ ಹೊಲಿಯಬೇಡಿರಿ. ಮದುವೆ ದಿನಗಳಲ್ಲಿ, ಜಾತ್ರೆ ಹಬ್ಬಗಳ ಹಿಂದಿನ ರಾತ್ರಿಯ ಅವಸರದಲ್ಲಿಯೇ ಕೈತಪ್ಪುವುದು.
6. ಸೂಜಿ, ಗುಂಡುಪಿನ್ನುಗಳನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಡಿರಿ. ಕೆಲಸ ಮುಗಿದ ಮೇಲೆ ಸೂಜಿ ಎಣಿಸಿ ಡಬ್ಬಿಗೆ ಹಾಕಿರಿ. ಕೌದಿ ಹಾಸಿದ ನೆಲದ ಮೇಲೆ ಬಿದ್ದ ಸೂಜಿಯನ್ನು ಅಯಸ್ಕಾಂತದಿಂದ ಹುಡುಕಿರಿ, ಅದು ಅಂಬೆಗಾಲಿಡುವ ಮಗುವಿನ ಕೈಗೆ, ಇಲ್ಲವೆ ಬರಿಗಾಲಿನಲ್ಲಿ ನಡೆಯುವವರ ಅಂಗಾಲಿಗೆ ಸಿಗಬಾರದು.

ಒಬ್ಬರಿಗೆ ಚುಚ್ಚಿ ರಕ್ತ ಹತ್ತಿದ ಸೂಜಿಯನ್ನು ಇನ್ನೊಬ್ಬರು ಬಳಸಬಾರದು. ರಕ್ತದ ಮೂಲಕ ಹರಡುವ ಕಾಮಾಲೆಯಂಥ ರೋಗಗಳಿವೆ.

ಚುಚ್ಚಿದ ಕೂಡಲೆ ಏನು ಮಾಡಬೇಕು?

ಸೂಜಿ ಚುಚ್ಚಿ ಹೊರಬಂದಿದ್ದರೆ ಬೆರಳನ್ನು ಐದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆಯಿರಿ. ಆ ಕೈಯ ಉಂಗುರ, ಬಳೆಗಳನ್ನು ಆಗಲೇ ತೆಗೆಯಿರಿ. ಊದಿದ ಮೇಲೆ ಉಂಗುರ ಬರುವುದಿಲ್ಲ, ಬೆರಳನ್ನೇ ಬಿಗಿಯುತ್ತದೆ. ರಕ್ತ ನಿಲ್ಲದಿದ್ದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ, ನಡುವೆ ತೆಗೆದು ನೋಡದೆ, ಒತ್ತಿ ಹಿಡಿದು ಕೈ ಮೇಲೆತ್ತಿರಿ. ಬೆರಳ ಬುಡಕ್ಕೆ ದಾರ ಬಿಗಿಯಬೇಡಿರಿ.

ಮಷೀನಿನ ಸೂಜಿ ಬೆರಳಿನಲ್ಲಿ ಸಿಕ್ಕಿಕೊಂಡಿದ್ದರೆ ಕೈ ಜಗ್ಗಬೇಡಿರಿ. ಸ್ವಿಚ್ ಆರಿಸಿ, ಸೂಜಿಯ ತಿರುಪು ಸಡಿಲಿಸಿ, ಸೂಜಿಯನ್ನು ಬೆರಳಿನಲ್ಲೇ ಬಿಟ್ಟು ಆಸ್ಪತ್ರೆಗೆ ಬನ್ನಿರಿ. ಸೂಜಿ ಮುರಿದಿದ್ದರೆ ಉಳಿದ ತುಂಡನ್ನು ಕಾಗದದಲ್ಲಿ ಸುತ್ತಿ ತನ್ನಿರಿ. ಎಷ್ಟು ಒಳಗಿದೆ ಎಂಬುದು ಅದರಿಂದ ತಿಳಿಯುತ್ತದೆ. ಉಕ್ಕಿನ ಚೂರು ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮನೆಯಲ್ಲಿ ಇನ್ನೊಂದು ಸೂಜಿಯಿಂದ ಕೆದಕಿದರೆ ಅದು ಇನ್ನೂ ಆಳಕ್ಕೆ ಸರಿಯುತ್ತದೆ.

ಕತ್ತರಿ, ಕನ್ನಡಿ ತಾಗಿ ಕೊಯ್ದಿದ್ದರೆ ಎರಡು ಪರೀಕ್ಷೆ ಮಾಡಿರಿ. ಬೆರಳ ತುದಿ ಮಡಚಲು ಬರುತ್ತದೆಯೇ? ಮುಟ್ಟಿದರೆ ಮೊದಲಿನಂತೆ ಗೊತ್ತಾಗುತ್ತದೆಯೇ? ಇಲ್ಲವೆಂದರೆ ಒಳಗಿನ ಹುರಿಯೋ ನರವೋ ತುಂಡಾಗಿರಬಹುದು. ಗಾಯ ಎಷ್ಟೇ ಸಣ್ಣದಿದ್ದರೂ ಅದೇ ದಿನ ಬನ್ನಿರಿ.

ದಯವಿಟ್ಟು ಹೀಗೆ ಮಾಡಬೇಡಿರಿ

ಗಾಯಕ್ಕೆ ಸುಣ್ಣ, ತಂಬಾಕು, ಕಾಫಿಪುಡಿ, ಬೂದಿ, ಸೆಗಣಿ ಮೆತ್ತಬೇಡಿರಿ. ಅಡುಗೆಯ ಅರಿಶಿಣವನ್ನೂ ಗಾಯದೊಳಗೆ ತುಂಬಬೇಡಿರಿ. ಬೆರಳು ಊದಿದರೆ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಗಿಸುವ ರೂಢಿ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಹಣ್ಣಿನೊಳಗೆ ಬೆರಳು ಮುಚ್ಚಿಹೋಗಿ ಒಳಗೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ, ಎರಡು ದಿನ ಹಾಗೆಯೇ ಹೋಗುತ್ತವೆ. ಔಷಧ ಅಂಗಡಿಯ ನೋವಿನ ಗುಳಿಗೆಯೂ ಅಷ್ಟೇ. ನೋವನ್ನು ಮರೆಸುತ್ತದೆ, ಕೀವನ್ನು ತೆಗೆಯುವುದಿಲ್ಲ.

ಯಾವಾಗ ತಡ ಮಾಡಬಾರದು?

ಅಮೆರಿಕದ ಶಿಕಾಗೊ ನಗರದ ಶಸ್ತ್ರವೈದ್ಯ ಅಲೆನ್ ಕನಾವೆಲ್ ಅವರು 1912ರಲ್ಲಿ ಕೈಯ ಸೋಂಕುಗಳ ಬಗ್ಗೆ ಗ್ರಂಥ ಬರೆದರು. ಆಗ ಪೆನಿಸಿಲಿನ್ ಇರಲಿಲ್ಲ, ಒಂದು ಚುಚ್ಚುಗಾಯದಿಂದ ಜೀವವೇ ಹೋಗುವುದಿತ್ತು. ಹುರಿಯ ಕೊಳವೆಗೆ ಸೋಂಕು ಹೊಕ್ಕಿದೆಯೇ ಎಂದು ತಿಳಿಯಲು ಅವರ ಹೆಸರಿನ ನಾಲ್ಕು ಗುರುತುಗಳನ್ನು ವೈದ್ಯರು ಇಂದಿಗೂ ನೋಡುತ್ತಾರೆ. ಇವು ಮನೆಯವರಿಗೂ ತಿಳಿದಿರಲಿ: ಬೆರಳು ಬುಡದಿಂದ ತುದಿಯವರೆಗೆ ಒಂದೇ ಸಮ ಊದಿರುವುದು, ಸ್ವಲ್ಪ ಮಡಚಿದಂತೆಯೇ ನಿಂತಿರುವುದು, ಅಂಗೈ ಬದಿಯಲ್ಲಿ ಬೆರಳಿನ ಉದ್ದಕ್ಕೂ ಒತ್ತಿದರೆ ನೋವು, ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಲು ಹೋದರೆ ಜೀವ ಹೋಗುವಂಥ ನೋವು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿರಿ.

ಇನ್ನೂ ಸುಲಭದ ಗುರುತು ಬೇಕೆಂದರೆ, ಸಿಡಿತದ ನೋವು ಒಂದು ರಾತ್ರಿ ನಿದ್ದೆ ಕೆಡಿಸಿತೆಂದರೆ ಮರುದಿನ ಬೆಳಿಗ್ಗೆ ನೀವು ಇರಬೇಕಾದದ್ದು ಆಸ್ಪತ್ರೆಯಲ್ಲಿ. ಜ್ವರ, ಚಳಿ, ಕೈಯ ಮೇಲೆ ಕೆಂಪು ಗೆರೆ, ಕಂಕುಳಲ್ಲಿ ಗಡ್ಡೆ ಕಂಡರೂ ಹಾಗೆಯೇ.

ಸಕ್ಕರೆ ಕಾಯಿಲೆ ಇರುವವರು ಈ ಯಾವ ಗುರುತಿಗೂ ಕಾಯಬಾರದು. ಅವರಿಗೆ ಸ್ಪರ್ಶ ಮಂದವಾಗಿ ನೋವೇ ಗೊತ್ತಾಗದೆ ಹೋಗಬಹುದು, ಸೋಂಕು ಮಾತ್ರ ಬೇಗ ಹರಡುತ್ತದೆ. ಚುಚ್ಚಿದ ದಿನವೇ ತೋರಿಸಿರಿ, ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿರಿ. ಸಕ್ಕರೆ ಇದೆಯೋ ಇಲ್ಲವೋ ತಿಳಿಯದವರಿಗೆ, ಮಾಯದ ಬೆರಳ ಗಾಯವೇ ಕೆಲವೊಮ್ಮೆ ಮೊದಲ ಸೂಚನೆ.

ಧನುರ್ವಾಯುವಿನ ಮಾತು

ಸೂಜಿ ಹೊಸದು, ತುಕ್ಕು ಹಿಡಿದಿರಲಿಲ್ಲ, ಇಂಜೆಕ್ಷನ್ ಯಾಕೆ ಎಂದು ಕೇಳುವವರಿದ್ದಾರೆ. ಧನುರ್ವಾಯು ಬರುವುದು ತುಕ್ಕಿನಿಂದಲ್ಲ. ಅದರ ರೋಗಾಣು ಮಣ್ಣಿನಲ್ಲಿ, ಸೆಗಣಿಯಲ್ಲಿ, ಧೂಳಿನಲ್ಲಿ ಇರುತ್ತದೆ. ಗಾಳಿಯಾಡದ ಆಳವಾದ ಸಣ್ಣ ಗಾಯವೇ ಅದಕ್ಕೆ ಅನುಕೂಲ. ಚೀಲ ಹೊಲಿಯುವ ದಬ್ಬಣ, ನೆಲದ ಮೇಲೆ ಹಾಸಿದ ಕೌದಿಯ ಸೂಜಿ ಎರಡೂ ಧೂಳಿನವೇ. ರೋಗ ಸಾಮಾನ್ಯವಾಗಿ 3ರಿಂದ 21 ದಿನಗಳಲ್ಲಿ, ಗಾಯ ಮಾಯ್ದು ಮರೆತ ಮೇಲೆ, ದವಡೆ ಬಿಗಿಯುವುದರಿಂದ ಶುರುವಾಗುತ್ತದೆ. ಈಗ ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಟಿ.ಟಿ. ಬದಲು ಟಿ.ಡಿ. ಲಸಿಕೆ ಇದೆ. ಇದನ್ನು 10 ಮತ್ತು 16ನೆಯ ವಯಸ್ಸಿನಲ್ಲಿ ಮಕ್ಕಳಿಗೆ, ಹಾಗೂ ಗರ್ಭಿಣಿಯರಿಗೆ ಕೊಡುತ್ತಾರೆ. ಹೆರಿಗೆ ಕಾಲದಲ್ಲಿ ಹಾಕಿಸಿಕೊಂಡದ್ದು ಜೀವನಪೂರ್ತಿ ಸಾಕಾಗುವುದಿಲ್ಲ. ಕೊಳೆಯಾದ ಗಾಯವಾಗಿ, ಕೊನೆಯ ಲಸಿಕೆ 5 ವರ್ಷಕ್ಕಿಂತ ಹಳೆಯದಾಗಿದ್ದರೆ ಅಥವಾ ಯಾವಾಗ ಹಾಕಿಸಿದ್ದು ಎಂಬ ನೆನಪೇ ಇಲ್ಲದಿದ್ದರೆ, ವೈದ್ಯರಿಗೆ ತಿಳಿಸಿ ಹಾಕಿಸಿಕೊಳ್ಳಿರಿ.

ಜೊತೆಗೆ ಬಂದವರಿಗೆ ಒಂದು ಬಿನ್ನಹ

ಕೊನೆಯ ಮಾತು ರೋಗಿಗಲ್ಲ, ಮನೆಯವರಿಗೆ. ಹೊಲಿಯುವ ತಾಯಿ ತನ್ನ ಬೆರಳಿನ ನೋವು ಹೇಳುವುದಿಲ್ಲ. "ಸೂಜಿ ಚುಚ್ಚ್ಯಾದ, ಇರ್ಲಿ ಬಿಡ್ರಿ, ಏನಾಗ್ತದ" ಎನ್ನುತ್ತಾಳೆ. ನಾಳೆ ಕೊಡಬೇಕಾದ ಕುಬಸ ಇರುತ್ತದೆ, ಬಸ್ಸಿನ ಖರ್ಚು ಇರುತ್ತದೆ, ಒಂದು ದಿನದ ದುಡಿಮೆ ಹೋಗುತ್ತದೆ ಎಂಬ ಲೆಕ್ಕ ಇರುತ್ತದೆ. ಆ ಲೆಕ್ಕವನ್ನು ನೀವು ಪೂರ್ತಿ ಮಾಡಿ ತೋರಿಸಿರಿ. ಮೊದಲ ದಿನ ಬಂದರೆ ತೊಳೆದು, ಲಸಿಕೆ ಹಾಕಿ, ಗುಳಿಗೆ ಕೊಟ್ಟು ಕಳಿಸುತ್ತಾರೆ. ಐದನೆಯ ದಿನ ಬಂದರೆ ಕೊಯ್ದು ಕೀವು ತೆಗೆಯಬೇಕು, ವಾರ್ಡಿನಲ್ಲಿ ಇರಬೇಕು, ಜೊತೆಗೊಬ್ಬರು ಕೆಲಸ ಬಿಟ್ಟು ಕೂಡಬೇಕು, ಆಮೇಲೆ ಬೆರಳು ಮಡಚಲು ತಿಂಗಳುಗಟ್ಟಲೆ ವ್ಯಾಯಾಮ. ಉಳಿಸಿದ ಬಸ್ ಚಾರ್ಜು ಎಷ್ಟು, ಕಳೆದದ್ದು ಎಷ್ಟು?

ಕಮಲಾಪುರದ ಕಡೆಯವರು ಪ್ರತಿ ಗಾಯಕ್ಕೂ ಕಲಬುರಗಿಗೆ ಬರಬೇಕಾಗಿಲ್ಲ. ತೊಳೆಯುವುದು, ಪಟ್ಟಿ, ಲಸಿಕೆ ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿಯೇ ಆಗುತ್ತವೆ. ಚೂರು ಒಳಗೆ ಉಳಿದಿದ್ದರೆ, ಬೆರಳು ಮಡಚದಿದ್ದರೆ, ಮೇಲೆ ಹೇಳಿದ ನಾಲ್ಕು ಗುರುತು ಕಂಡರೆ ಮಾತ್ರ ತಡಮಾಡದೆ ಕಲಬುರಗಿಗೆ ಬಂದು ಶಸ್ತ್ರವೈದ್ಯರಿಗೆ ತೋರಿಸಿರಿ. ರೋಗಿಗೆ ಜ್ವರ ಏರಿ ನಿತ್ರಾಣವಾಗಿದ್ದರೆ 108ಕ್ಕೆ ಕರೆ ಮಾಡಿರಿ.

ಇಂದು ಮನೆಗೆ ಹೋದ ಮೇಲೆ ನಿಮ್ಮ ಅವ್ವನ, ಹೆಂಡತಿಯ, ಸೊಸೆಯ ಕೈಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿರಿ. ಊದಿದ ಬೆರಳು ಕಂಡರೆ ನಾಳೆ ಎನ್ನಬೇಡಿರಿ.