ದನಿಯೊಡೆಯುವ ವರುಷಗಳು

ಶಾಲೆ ತೆರೆದು ಎರಡು ವಾರ ಕಳೆಯುವುದೇ ತಡ, ಯಾರಾದರೊಬ್ಬ ತಾಯಿ ಶಿಕ್ಷಕರ ಕೋಣೆಯ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. "ಸರ, ಐದನೇ ಕ್ಲಾಸಿನ ತನಕ ಇವ ಬಾಯಿ ಮುಚ್ಚತಿದ್ದಿಲ್ರಿ. ಈಗ ಬಾಯೇ ತೆರೀವಲ್ಲ. ಸಾಲ್ಯಾಗ ಯಾರರ ಏನರ ಅಂದಾರೇನ್ರಿ?" ಎಂದು ಕೇಳುತ್ತಾರೆ. ಉಪಾಧ್ಯಾಯ ವೃತ್ತಿಗೆ ಬಂದು ಮೂವತ್ತು ವರ್ಷಗಳಾಗುತ್ತ ಬಂದುವು. ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೆಂಬ ಲೆಕ್ಕವಿಲ್ಲ. "ಯಾರೂ ಏನೂ ಅಂದಿಲ್ಲ ತಾಯಿ, ವಯಸ್ಸೇ ಹಾಗೆ" ಎಂದು ಮೊದಮೊದಲು ಧೈರ್ಯವಾಗಿ ಹೇಳಿ ಕಳುಹಿಸುತ್ತಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ಆ ಧೈರ್ಯ ಹೋದದ್ದು ಹೇಗೆಂಬುದನ್ನೇ ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗೆ, ಎಂದರೆ ಹನ್ನೊಂದರಿಂದ ಹದಿನಾಲ್ಕರ ಪ್ರಾಯದವರೆಗೆ, ಮಗುವಿಗೆ ಮನೆಯಲ್ಲಿ ನಿಲ್ಲಲು ಒಂದು ಗೊತ್ತಾದ ಸ್ಥಳವಿಲ್ಲ. ಬೆಳಿಗ್ಗೆ ಬಿದ್ದು ಮೊಣಕಾಲು ಕೆತ್ತಿಸಿಕೊಂಡು ಅತ್ತರೆ "ಇಷ್ಟು ದೊಡ್ಡವನಾಗಿ ಅಳ್ತೀಯಲ್ಲ" ಎನ್ನುತ್ತೇವೆ. ಸಂಜೆ ಅತಿಥಿಗಳ ಮುಂದೆ ಒಂದು ಮಾತಾಡಿದರೆ "ದೊಡ್ಡವರ ನಡುವ ಸಣ್ಣವರದೇನು" ಎಂದು ಗದರಿಸುತ್ತೇವೆ. ಒಂದೇ ದಿನದಲ್ಲಿ ದೊಡ್ಡವನೂ ಹೌದು, ಸಣ್ಣವನೂ ಹೌದು. ಇದರ ಮೇಲೆ ಶಾಲೆಯೂ ಬದಲಾಗುತ್ತದೆ. ನಮ್ಮ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಊರ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಪ್ರಾಥಮಿಕ ಶಿಕ್ಷಣವನ್ನು ಎಂಟನೆಯ ತರಗತಿಯವರೆಗೆಂದು ಎಣಿಸಿತು, ನಿಜ. ಆದರೂ ಎಂಟನೆಯದಕ್ಕೆ ಹೊಸ ಊರು, ಹೊಸ ಬೆಂಚು, ವಿಷಯಕ್ಕೊಬ್ಬ ಮೇಷ್ಟ್ರು ಎಂಬುದು ಅನೇಕ ಮಕ್ಕಳ ಪಾಲಿಗೆ ತಪ್ಪಿಲ್ಲ. ಮಗುವಿನ ಮೈ ಬದಲಾಗುವ ವರ್ಷದಲ್ಲೇ ಅದರ ಶಾಲೆಯನ್ನೂ ಬದಲಿಸುವ ಏರ್ಪಾಡನ್ನು ಯಾರು ಮಾಡಿದರೋ, ಮಕ್ಕಳನ್ನು ಕೇಳಿ ಮಾಡಿರಲಾರರು.

ಮೈಯ ಬದಲಾವಣೆಯ ಕ್ರಮವನ್ನು ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು. ಹೆಣ್ಣುಮಕ್ಕಳಲ್ಲಿ ಇದು ಒಂದೆರಡು ವರ್ಷ ಮುಂಚೆಯೇ ತೊಡಗುತ್ತದೆ. ಆದ್ದರಿಂದ ಏಳನೆಯ ತರಗತಿಯ ಸಾಲಿನಲ್ಲಿ ಹುಡುಗಿಯರು ಎತ್ತರವಾಗಿಯೂ ಹುಡುಗರು ಗಿಡ್ಡಾಗಿಯೂ ಕಾಣುತ್ತಾರೆ. ಬೆಳವಣಿಗೆ ಮೈಗೆಲ್ಲ ಒಮ್ಮೆಗೇ ಬರುವುದಿಲ್ಲ. ಮೊದಲು ಪಾದ, ಅಂಗೈ; ಆಮೇಲೆ ಕಾಲು, ತೋಳು; ಎಲ್ಲಕ್ಕೂ ಕಡೆಗೆ ನಡು. ಹೀಗಾಗಿ ಹುಡುಗನು ನೀರಿನ ತಂಬಿಗೆಯನ್ನು ಎಡವುತ್ತಾನೆ, ಬಾಗಿಲ ಚೌಕಟ್ಟಿಗೆ ಮೊಣಕೈ ತಾಗಿಸಿಕೊಳ್ಳುತ್ತಾನೆ. ಅವನ ಕಾಲು ಎಲ್ಲಿಗೆ ಮುಗಿಯುತ್ತದೆಂಬುದು ಅವನಿಗೇ ಇನ್ನೂ ರೂಢಿಯಾಗಿಲ್ಲ. ಅದನ್ನು ಕಣ್ಣಿಲ್ಲದತನವೆಂದು ಬೈಯುವುದರಲ್ಲಿ ಅರ್ಥವಿಲ್ಲ. ಈ ಪ್ರಾಯದಲ್ಲಿ ರಾತ್ರಿಯ ನಿದ್ದೆಯೂ ತಡವಾಗಿ ಬರುತ್ತದೆಂದು ವೈದ್ಯರು ಹೇಳುತ್ತಾರೆ. ಬೆಳಿಗ್ಗೆ ಏಳಲಾರದ ಮಕ್ಕಳೆಲ್ಲ ಸೋಮಾರಿಗಳಲ್ಲ.

ಗಂಡುಮಕ್ಕಳಿಗೆ ಎಲ್ಲಕ್ಕಿಂತ ಸಂಕಟವನ್ನುಂಟುಮಾಡುವುದು ದನಿ. ಗಂಟಲಿನ ಧ್ವನಿಪೆಟ್ಟಿಗೆ ದೊಡ್ಡದಾಗಿ, ಒಳಗಿನ ತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಸಂಗೀತದವರು ಹೇಳುವಂತೆ ಸುಮಾರು ಒಂದು ಸ್ಥಾಯಿಯಷ್ಟು ದನಿ ಕೆಳಗಿಳಿಯುತ್ತದೆ. ಅದು ನೆಲೆನಿಲ್ಲುವುದಕ್ಕೆ ತಿಂಗಳುಗಳೇ ಬೇಕು. ಆವರೆಗೆ ಮಾತಿನ ನಡುವೆ ಯಾವ ಮುನ್ಸೂಚನೆಯೂ ಇಲ್ಲದೆ ದನಿ ಕೀರಲಾಗಿಬಿಡುತ್ತದೆ. ಇದಕ್ಕೆ ನಾವು ಕನ್ನಡದಲ್ಲಿ 'ದನಿ ಒಡೆಯಿತು' ಎನ್ನುತ್ತೇವೆ. ಗಡಿಗೆ ಒಡೆಯುವುದಕ್ಕೂ ಅದೇ ಧಾತು, ಮೊಳಕೆ ಒಡೆಯುವುದಕ್ಕೂ ಅದೇ ಧಾತು. ಧಾತುಗಳ ವಿಚಾರ ಬಂದರೆ ಪಂಡಿತರ ಬಾಯಿ ಕಟ್ಟುವುದು ಕಷ್ಟ, ಕ್ಷಮಿಸಬೇಕು. ಆದರೆ ಧಾತುವಿನ ಅರ್ಥವನ್ನು ಬಲ್ಲ ನಾನೇ ಒಬ್ಬ ಹುಡುಗನ ವಿಷಯದಲ್ಲಿ ಎಡವಿದೆ.

ಇದು 2003ರ ಮಾತು. ನಮ್ಮ ನಗರಕ್ಕೆ ಸರಕಾರದ ಕಾಗದಗಳಲ್ಲಿ ಆಗಿನ್ನೂ ಗುಲಬರ್ಗಾ ಎಂದೇ ಹೆಸರು. ಕಮಲಾಪುರವೂ ಆಗ ತಾಲೂಕಿನ ಊರಾಗಿರಲಿಲ್ಲ. ಹುಮನಾಬಾದ್ ರಸ್ತೆಯ ಮೇಲೆ, ಮಹಾಗಾಂವ ಕ್ರಾಸ್ ದಾಟಿ, ನಗರದಿಂದ 35 ಕಿಲೋಮೀಟರಿಗೂ ಹೆಚ್ಚು ದೂರದ ಆ ಊರಿನಿಂದ ಒಬ್ಬ ಹುಡುಗ ನಮ್ಮ ಶಾಲೆಗೆ ಎಂಟನೆಯ ತರಗತಿಗೆ ಬಂದ. ನಗರದಲ್ಲಿ ಓದಿದರೆ ಮುಂದಕ್ಕೆ ಅನುಕೂಲವೆಂದು ತಂದೆ ಸೇರಿಸಿದ್ದರು. ದಿನಾಲೂ ಪಾಸಿನ ಮೇಲೆ ಬಸ್ಸಿನಲ್ಲಿ ಬರುತ್ತಿದ್ದ. ಉದ್ದನೆಯ ಹುಡುಗ, ಜೂನಿನಲ್ಲಿ ಹೊಲಿಸಿದ ಪ್ಯಾಂಟು ದಸರೆಯ ಹೊತ್ತಿಗೆ ಕಣಕಾಲಿನ ಮೇಲೆ ಹತ್ತಿತ್ತು. ಊರ ಶಾಲೆಯಲ್ಲಿ ಪದ್ಯಗಳನ್ನು ರಾಗವಾಗಿ ಓದುತ್ತಿದ್ದವನೆಂದು ಅವನ ಜೊತೆಯ ಹುಡುಗರು ಹೇಳಿದ್ದರು.

ದಸರೆಯ ರಜೆಯ ಅನಂತರ ಭಾಮಿನಿ ಷಟ್ಪದಿಯ ಪಾಠ ನಡೆದಿತ್ತು. ಭಾಮಿನಿಯ ಓಟ ನಿಮಗೆ ಗೊತ್ತೇ ಇದೆ. ಮೂರು ನಾಲ್ಕು, ಮೂರು ನಾಲ್ಕರ ಲೆಕ್ಕದಲ್ಲಿ ಎರಡು ಸಾಲು ಹೋಗಿ, ಮೂರನೆಯ ಸಾಲು ಉದ್ದಕ್ಕೆ ಸಾಗಿ ಕಡೆಯಲ್ಲಿ ಒಂದು ಗುರುವಿನ ಮೇಲೆ ನಿಲ್ಲುತ್ತದೆ. ಆ ಗುರುವಿನ ಮೇಲೆ ಉಸಿರು ಹಿಡಿದು ದನಿಯನ್ನು ನಿಲ್ಲಿಸಬೇಕು. ನಾನು ಅವನನ್ನು ಎಬ್ಬಿಸಿ ಓದಿಸಿದೆ. ಎರಡು ಸಾಲು ಚೆನ್ನಾಗಿಯೇ ಓದಿದ. ಮೂರನೆಯ ಸಾಲಿನ ಗುರುವಿಗೆ ಬರುತ್ತಲೇ ದನಿ ಒಡೆದು ಎರಡಾಯಿತು. ನಾನು ಸುಮ್ಮನಿದ್ದರೆ ಆಗಿತ್ತು. "ಏನಪ್ಪಾ, ನಿನ್ನ ಗಂಟಲಾಗ ಇಬ್ಬರು ಕೂತಾರೇನು?" ಎಂದುಬಿಟ್ಟೆ. ಐವತ್ತು ಮಕ್ಕಳು ಒಟ್ಟಿಗೆ ನಕ್ಕರು. ನನ್ನ ಮಾತಿಗೆ ನಾನೇ ನಕ್ಕೆ. ಅಂದಿನಿಂದ ಅವನಿಗೆ 'ಇಬ್ಬರು' ಎಂದೇ ಹೆಸರು ಬಿತ್ತೆಂಬುದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ.

ಒಂದು ವಾರದೊಳಗೆ ಅವನು ಶಾಲೆಗೆ ಬರುವುದು ನಿಂತಿತು. ಜ್ವರವಿರಬಹುದು, ತೊಗರಿಯ ಕೆಲಸವಿರಬಹುದು ಎಂದುಕೊಂಡೆ. ಹಾಜರಿಯ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಹಾಕುತ್ತ ಹೋದೆ. ಮೂರನೆಯ ವಾರಕ್ಕೆ ಮನಸ್ಸು ಕೊರೆಯತೊಡಗಿ ಒಂದು ರವಿವಾರ ಕಮಲಾಪುರದ ಬಸ್ಸು ಹತ್ತಿದೆ.

ಕಮಲಾಪುರವೆಂದರೆ ಕೆಂಪು ಬಾಳೆಯ ಊರು. ಆ ಬಾಳೆಗೆ ಈಗ ಊರ ಹೆಸರಿನಲ್ಲೇ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಹುಡುಗನ ತಂದೆಗೂ ಒಂದು ಸಣ್ಣ ತೋಟವಿತ್ತು. ನನ್ನನ್ನು ಕಂಡು ಹೆಗಲ ಮೇಲಿನ ವಸ್ತ್ರದಿಂದ ಕಟ್ಟೆಯ ಧೂಳು ಜಾಡಿಸಿ "ಕೂಡ್ರಿ ಸರ, ಚಹಾ ತರಸ್ತೀನಿ" ಎಂದರು. ಮಗನಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದೆ. ಆ ಮನುಷ್ಯ ನನ್ನ ಮುಖವನ್ನೇ ನೋಡಿದರು. "ಅಂವ ದಿನಾ ಸಾಲಿಗಿ ಹೋಗ್ಲಾಕತ್ತಾನಲ್ರೀ ಸರ! ಮುಂಜಾನಿ ಏಳಕ್ಕ ಬುತ್ತಿ ಕಟಗೊಂಡು ಹೋದರ ಸಂಜೀಗೇ ಬರ್ತಾನ್ರಿ."

ಮೂರು ವಾರ ಅವನು ಬುತ್ತಿ ಕಟ್ಟಿಕೊಂಡು ನಗರಕ್ಕೆ ಬಂದು, ಅಪ್ಪನ ಕೆರೆಯ ಬಳಿಯ ಉದ್ಯಾನದಲ್ಲಿ ಒಬ್ಬನೇ ಕುಳಿತು, ಶಾಲೆ ಬಿಡುವ ಹೊತ್ತಿಗೆ ಎದ್ದು ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದ. ಹದಿಮೂರು ವರ್ಷದ ಮಗು. ಆ ಮೂರು ವಾರದಲ್ಲಿ ಅವನನ್ನು ಯಾರಾದರೂ ಎಲ್ಲಿಗಾದರೂ ಕರೆದುಕೊಂಡು ಹೋಗಿದ್ದರೆ ಎಂಬ ಯೋಚನೆ ಇಂದಿಗೂ ಒಮ್ಮೊಮ್ಮೆ ರಾತ್ರಿ ನನ್ನನ್ನು ಎಬ್ಬಿಸುತ್ತದೆ.

ತಂದೆಯ ಕೈ ಬಾರುಕೋಲಿನತ್ತ ಹೋಯಿತು. ನಾನು ತಡೆದು, ಹುಡುಗನೆಲ್ಲಿ ಎಂದು ಕೇಳಿ ತೋಟಕ್ಕೆ ಹೋದೆ. ನೀರು ಹಾಯಿಸುತ್ತಿದ್ದವನು ನನ್ನನ್ನು ನೋಡಿ ಸನಿಕೆಯನ್ನು ಕೆಳಗಿಟ್ಟು ನಿಂತ. ತಂದೆಯ ಎದುರಿಗೇ "ತಪ್ಪು ನನ್ನದು. ಆ ಮಾತು ನಾನು ಆಡಬಾರದಿತ್ತು" ಎಂದೆ. ಮೇಷ್ಟ್ರು ತಪ್ಪೊಪ್ಪಿಕೊಳ್ಳುವುದನ್ನು ಆ ತಂದೆಯೂ ಕಂಡಿರಲಿಲ್ಲವೆಂದು ತೋರುತ್ತದೆ. ಅವರೇ ತಲೆ ತಗ್ಗಿಸಿದರು. ಹುಡುಗ ಬಹಳ ಹೊತ್ತು ಏನೂ ಹೇಳಲಿಲ್ಲ. ಕಡೆಗೆ, "ಬರ್ತೀನ್ರಿ ಸರ. ನನಗ ಓದ್ಲಿಕ್ಕ ಎಬ್ಬಸಬ್ಯಾಡ್ರಿ" ಎಂದ. ಆ ಮಾತಿನ ನಡುವೆಯೂ ದನಿ ಒಡೆಯಿತು. ಈ ಸಲ ಯಾರೂ ನಗಲಿಲ್ಲ.

ಮರುದಿನ ಬಂದ. ಓದಿಸಲಿಲ್ಲ. ಪದ್ಯವನ್ನು ಕರಿಹಲಗೆಯ ಮೇಲೆ ಬರೆದು ಪ್ರಸ್ತಾರ ಹಾಕುವ ಕೆಲಸವನ್ನು ಅವನಿಗೆ ಕೊಟ್ಟೆ. ಲಘುವಿಗೆ ಬಟ್ಟಲಿನಂಥ ಗುರುತು, ಗುರುವಿಗೆ ಅಡ್ಡಗೆರೆ. ಬಾಯಿ ತೆರೆಯದೆ ಮಾಡಬಹುದಾದ ಕೆಲಸ. ಎರಡು ತಿಂಗಳಲ್ಲಿ ಛಂದಸ್ಸಿನಲ್ಲಿ ತರಗತಿಗೆ ಅವನೇ ಮುಂದಾದ. ಹುಡುಗರು ಹಳೆಯ ಹೆಸರನ್ನು ಬಿಟ್ಟರೆಂದು ಹೇಳಲಾರೆ. ಆದರೆ ಪ್ರಸ್ತಾರ ಕೇಳಲು ಅವನ ಬೆಂಚಿಗೇ ಹೋಗಬೇಕಾದ್ದರಿಂದ ಅದನ್ನು ಮೆಲ್ಲಗೆ ಕರೆಯತೊಡಗಿದರು.

ಹುಡುಗಿಯರ ಕಷ್ಟ ಬೇರೆ ಬಗೆಯದು. ನಮ್ಮ ಶಾಲೆಯ ಮೇಡಂ ಅವರು ಹೇಳಿದ ಮೇಲೆ ನನಗೆ ತಿಳಿದದ್ದು. ತಿಂಗಳಿಗೆ ನಾಲ್ಕು ದಿನ ಬಾರದ ಹುಡುಗಿಯ ಹೆಸರಿನ ಮುಂದೆ ಗೈರುಹಾಜರಿ ಹಾಕುವ ಮೇಷ್ಟ್ರು, ಶಾಲೆಯ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಒಮ್ಮೆ ಹೋಗಿ ನೋಡಬೇಕು. ಹಳ್ಳಿಗಳಲ್ಲಿ "ದೊಡ್ಡಾಕಿ ಆಗ್ಯಾಳ, ಇನ್ನ ಸಾಲಿ ಸಾಕು" ಎಂಬ ಮಾತು ಏಳನೆಯ ತರಗತಿಯ ಆಸುಪಾಸಿನಲ್ಲೇ ಬರುತ್ತದೆ. ಹದಿನೆಂಟರ ಒಳಗೆ ಮದುವೆ ಮಾಡಬಾರದೆಂಬ 2006ರ ಕಾಯಿದೆ ಒಂದು ಕಡೆ. ಎಂಟನೆಯ ತರಗತಿಗೆ ಬೇರೆ ಊರಿಗೆ ಹೋಗಲು ಬಸ್ಸಿಲ್ಲವೆಂಬ ನೆಪ ಇನ್ನೊಂದು ಕಡೆ. ಸರಕಾರವು 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಟ್ಟಾಗ ಆ ನೆಪ ಎಷ್ಟೋ ಮನೆಗಳಲ್ಲಿ ಬಿದ್ದುಹೋಯಿತು.

ಇನ್ನು ಭಾಷೆ. ನನ್ನ ತಂದೆಯವರು ಓದಿದ್ದು ನಿಜಾಮರ ಸಂಸ್ಥಾನದಲ್ಲಿ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವೇ ಉರ್ದು ಮಾಧ್ಯಮದಲ್ಲಿ ಆರಂಭವಾದ ಸೀಮೆ ಅದು. ಚಿಕ್ಕ ತರಗತಿಯ ಕನ್ನಡವನ್ನು ಬಿಟ್ಟು ಅವರು ಉರ್ದುವಿಗೆ ಹೋದರು. ಅದು ಕೈಗೆ ಹತ್ತುವಷ್ಟರಲ್ಲಿ 1948ರ ಸೆಪ್ಟೆಂಬರ್ ಬಂದು ಸಂಸ್ಥಾನವೇ ಮುಗಿಯಿತು. ಆಗ ಅವರಿಗೆ ಹದಿಮೂರು. ಮರಳಿ ಕನ್ನಡಕ್ಕೆ ಬಂದರೂ, ಕೊನೆಯವರೆಗೆ ಕಿರಾಣಿ ಅಂಗಡಿಯ ಲೆಕ್ಕವನ್ನು 'ದೋ ದೂನೀ ಚಾರ್' ಎಂದೇ ಹಾಕುತ್ತಿದ್ದರು. ಆ ಎರಡು ವರ್ಷ ತಾನು ತರಗತಿಯಲ್ಲಿ ಮೂಕನಂತಿದ್ದೆನೆಂದು ಅವರು ಹೇಳುತ್ತಿದ್ದುದುಂಟು. ಇಂದು ಕನ್ನಡ ಮಾಧ್ಯಮದ ಮಗುವನ್ನು ಆರನೆಯ ತರಗತಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿ, ಆರು ತಿಂಗಳಾದರೂ ಮಾತಾಡುವುದಿಲ್ಲವೆಂದು ದೂರುವ ಮನೆಯವರಿಗೆ ನಾನು ನನ್ನ ತಂದೆಯ ಕಥೆಯನ್ನೇ ಹೇಳುತ್ತೇನೆ.

ಮನೆಯಲ್ಲಿ ಏನು ಮಾಡಬೇಕೆಂದು ಕೇಳುತ್ತೀರಿ. ಬಹಳವೇನೂ ಬೇಡ. ಬಂದ ನೆಂಟರ ಮುಂದೆ ಅವರ ಮೀಸೆ, ಮೊಡವೆ, ಎತ್ತರ, ದನಿಗಳ ಪ್ರಸ್ತಾಪ ಬೇಡ. ಬಟ್ಟೆಯನ್ನು ಎರಡು ಬೆರಳು ಉದ್ದ ಹೊಲಿಸಿರಿ. ಎದುರಿಗೆ ಕೂರಿಸಿಕೊಂಡು "ಏನಾಗಿದೆ ಹೇಳು" ಎಂದರೆ ಈ ಪ್ರಾಯದವರು ಹೇಳುವುದಿಲ್ಲ. ತೊಗರಿಕಾಯಿ ಸುಲಿಯುವಾಗಲೋ, ಗಾಡಿ ಒರೆಸುವಾಗಲೋ ಪಕ್ಕದಲ್ಲಿದ್ದರೆ ತಾವಾಗಿಯೇ ಒಂದು ಮಾತು ಬಿಡುತ್ತಾರೆ. ಅದನ್ನು ಹಿಡಿದು ಜಗ್ಗದಿದ್ದರೆ ಇನ್ನೊಂದು ಬರುತ್ತದೆ. ನಮ್ಮ ಕಾಲದಲ್ಲಿ ತರಗತಿಯ ನಗೆ ಗಂಟೆ ಬಾರಿಸಿದೊಡನೆ ಮುಗಿಯುತ್ತಿತ್ತು. ಈಗ ಯಾರದೋ ಮೊಬೈಲಿನಲ್ಲಿ ಸೇರಿ ಸಂಜೆಗೆ ಮನೆಯೊಳಗೂ ಬರುತ್ತದೆ. ಆದ್ದರಿಂದ ಮಗು ಫೋನು ನೋಡಿ ಸಪ್ಪಗಾದರೆ ಫೋನನ್ನು ಕಸಿದುಕೊಳ್ಳುವ ಮೊದಲು ಅದರಲ್ಲಿ ಏನು ಬಂದಿದೆಯೆಂದು ಸಮಾಧಾನದಿಂದ ಕೇಳಬೇಕು.

ಆ ಹುಡುಗ ಒಂಬತ್ತನೆಯ ತರಗತಿಯ ಕೊನೆಯಲ್ಲಿ, ನಾನು ಕೇಳದೆಯೇ, ಹಿಂದಿನ ಬೆಂಚಿನಿಂದ ಒಂದು ಪದ್ಯವನ್ನು ಓದಿದ. ದಪ್ಪ ದನಿ, ರಾಗ ಹಿಂದಿನಷ್ಟು ಇರಲಿಲ್ಲ. ಈಗ ಕಮಲಾಪುರದ ಹೆದ್ದಾರಿಯ ಬದಿಗೆ ಅವನದೊಂದು ಬಾಳೆಹಣ್ಣಿನ ಅಂಗಡಿಯಿದೆ. ಹೋದಾಗಲೆಲ್ಲ ಒಂದು ಚಿಪ್ಪು ಕೆಂಪು ಬಾಳೆಯನ್ನು ಕೈಯಲ್ಲಿಟ್ಟು ದುಡ್ಡು ಒಲ್ಲೆನೆನ್ನುತ್ತಾನೆ. ಹೋದ ತಿಂಗಳು ಹೋಗಿದ್ದಾಗ ಅವನ ಮಗ ತಕ್ಕಡಿಯ ಹಿಂದೆ ನಿಂತಿದ್ದ. ಏಳನೆಯ ತರಗತಿಯಂತೆ, ತಂದೆಯಂತೆಯೇ ಉದ್ದ. "ಬರೋ ಜೂನಿಗಿ ನಿಮ್ಮ ಕ್ಲಾಸಿಗೇ ಹಾಕ್ತೀನ್ರಿ ಸರ" ಎಂದ. ಹಣ್ಣನ್ನು ಚೀಲಕ್ಕೆ ಹಾಕುತ್ತ, ಮಗನಿಗೆ ಕೇಳದ ಹಾಗೆ, "ಮೊದಲ ಪ್ರಸ್ತಾರ ಹಾಕಸ್ರಿ. ಓದಸೋದು ಆಮ್ಯಾಲ" ಎಂದು ಸೇರಿಸಿದ.